ಹಾಸನದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? ಕುದಿಬಿಂದು ಅಳೆಯುವ ಸಮಗ್ರ ಮಾರ್ಗದರ್ಶಿ

ನೀರಿನ ಕುದಿಬಿಂದು 100 ಡಿಗ್ರಿ ಸೆಲ್ಸಿಯಸ್ ಎಂದು ಬಾಯಿಪಾಠ ಮಾಡಿದವರು ಹಾಸನದಲ್ಲಿ ಕುದಿಯುವ ನೀರಿಗೆ ಥರ್ಮಾಮೀಟರ್ ಹಿಡಿದರೆ ಪಾದರಸ 97ರ ಹತ್ತಿರ ಬಂದು ನಿಂತುಬಿಡುತ್ತದೆ. ಉರಿ ಜೋರು ಮಾಡಿದರೂ ಜಗ್ಗುವುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವುದು ಎರಡರಲ್ಲೊಂದು: ಥರ್ಮಾಮೀಟರ್ ಕೆಟ್ಟಿದೆ ಎಂದು ಇನ್ನೊಂದನ್ನು ಹುಡುಕುತ್ತಾರೆ, ಇಲ್ಲವೇ ರೆಕಾರ್ಡ್ ಪುಸ್ತಕದಲ್ಲಿ ಸುಮ್ಮನೆ 100 ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಎರಡೂ ತಪ್ಪು. ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದ ಹಾಸನಕ್ಕೆ 96.8 ಸರಿಯಾದ ಉತ್ತರ. ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರು ಪಟ್ಟಣಕ್ಕೆ 96.4. ಕಡೂರಿನ ಬಯಲಿಗೆ ಇಳಿದರೆ 97.5ರ ಸುತ್ತ, ಕೆಮ್ಮಣ್ಣುಗುಂಡಿಗೆ ಹತ್ತಿದರೆ 95ಕ್ಕಿಂತ ಕೊಂಚ ಮೇಲೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಾದರೆ ನೀರು 94 ಡಿಗ್ರಿ ಮುಟ್ಟುವ ಮೊದಲೇ ಮರಳುತ್ತದೆ.

ಈ ಅಂಕಿಯನ್ನು ಶಾಲೆಯ ಅಥವಾ ಅಡುಗೆಮನೆಯ ಸಾಮಾನುಗಳಿಂದಲೇ ಅರ್ಧ ಡಿಗ್ರಿಯೊಳಗೆ ಹಿಡಿಯಬಹುದು. ಹಿಡಿದ ಮೇಲೆ ಅದರಿಂದ ನಿಮ್ಮ ಊರಿನ ವಾಯುಭಾರವನ್ನೂ ಎತ್ತರವನ್ನೂ ಲೆಕ್ಕ ಹಾಕಬಹುದು. ಹೇಗೆಂದು ಮುಂದೆ ನೋಡೋಣ.

ಮೊದಲು ಕಾರಣ

ನೀರು ಯಾವ ಉಷ್ಣತೆಯಲ್ಲೂ ಆವಿಯಾಗುತ್ತಲೇ ಇರುತ್ತದೆ. ಒಗೆದ ಬಟ್ಟೆ ಒಣಗುವುದಕ್ಕೆ ಕುದಿಯಬೇಕಾಗಿಲ್ಲ. ಆದರೆ ಕುದಿಯುವುದು ಎಂದರೆ ಮೇಲ್ಮೈಯಲ್ಲಿ ಮಾತ್ರವಲ್ಲ, ನೀರಿನ ಒಡಲಲ್ಲೇ ಆವಿಯ ಗುಳ್ಳೆ ಹುಟ್ಟಿ ಉಳಿಯುವುದು. ಗುಳ್ಳೆಯೊಳಗಿನ ಆವಿ ಹೊರಕ್ಕೆ ಒತ್ತುತ್ತದೆ, ಹೊರಗಿನ ಗಾಳಿ ನೀರಿನ ಮೂಲಕ ಅದನ್ನು ಅಮುಕುತ್ತದೆ. ಆವಿಯ ಒತ್ತಡ ಹೊರಗಿನ ವಾಯುಭಾರಕ್ಕೆ ಸಮನಾಗುವವರೆಗೆ ಗುಳ್ಳೆ ಅಪ್ಪಚ್ಚಿಯಾಗುತ್ತಲೇ ಇರುತ್ತದೆ. ಪಾತ್ರೆ ಕುದಿಯುವ ಮುಂಚೆ ‘ಸೂಂ’ ಎಂದು ಹಾಡುತ್ತದಲ್ಲ, ಅದು ತಳದಲ್ಲಿ ಹುಟ್ಟಿದ ಗುಳ್ಳೆಗಳು ಮೇಲಿನ ತಣ್ಣನೆಯ ನೀರಿಗೆ ಬಂದು ಕುಸಿಯುವ ಸದ್ದು. ಕುದಿ ಬಂದೊಡನೆ ಹಾಡು ನಿಂತು ಕೊತಕೊತ ಶುರುವಾಗುತ್ತದೆ.

ಎತ್ತರಕ್ಕೆ ಹೋದಷ್ಟೂ ತಲೆಯ ಮೇಲಿರುವ ಗಾಳಿ ಕಡಿಮೆ, ಆದ್ದರಿಂದ ಒತ್ತುವ ಭಾರವೂ ಕಡಿಮೆ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಹಾಸನದಲ್ಲಿ 677ರ ಸುತ್ತ ಇರುತ್ತದೆ. ಅಷ್ಟನ್ನು ಎದುರಿಸಲು ಆವಿಗೆ 100 ಡಿಗ್ರಿಯ ಅಗತ್ಯವಿಲ್ಲ. ನಮ್ಮ ಭಾಗದ ಎತ್ತರಗಳಿಗೆ 300 ಮೀಟರಿಗೆ ಒಂದು ಡಿಗ್ರಿ ಇಳಿಕೆ ಎಂಬ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಅಂದಹಾಗೆ ‘100’ ಎಂಬುದು ನೀರಿನ ಹಣೆಬರಹವೇನಲ್ಲ, ಮನುಷ್ಯರು ಇಟ್ಟುಕೊಂಡ ಗುರುತು. 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ತನ್ನ ಮಾಪನವನ್ನು ಮಂಡಿಸಿದಾಗ ಕುದಿಬಿಂದುವಿಗೆ 0, ಹಿಮಬಿಂದುವಿಗೆ 100 ಎಂದು ತಲೆಕೆಳಗಾಗಿಯೇ ಇಟ್ಟಿದ್ದ. ಕುದಿಬಿಂದು ವಾಯುಭಾರದೊಂದಿಗೆ ಬದಲಾಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಪಠ್ಯಪುಸ್ತಕದ ವಾಕ್ಯದಲ್ಲಿ ‘ಸಾಮಾನ್ಯ ವಾಯುಭಾರದಲ್ಲಿ’ ಎಂಬ ಪದ ಇದ್ದೇ ಇರುತ್ತದೆ. ಪರೀಕ್ಷೆಯ ಗಡಿಬಿಡಿಯಲ್ಲಿ ನಾವು ಬಿಡುವುದು ಅದನ್ನೇ.

ಬೇಕಾದ ಸಾಮಾನು

ಥರ್ಮಾಮೀಟರ್: ಮೈನಸ್ 10ರಿಂದ 110 ಡಿಗ್ರಿವರೆಗಿನ ಪ್ರಯೋಗಾಲಯದ ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ ಬೇಡವೇ ಬೇಡ. ಅದರ ಅಳತೆ 42ಕ್ಕೇ ಮುಗಿಯುತ್ತದೆ, ಕುದಿನೀರಿಗೆ ಇಟ್ಟರೆ ಒಡೆಯುತ್ತದೆ. ಹಣೆಗೆ ಗುರಿಯಿಟ್ಟು ನೋಡುವ ಗನ್ ಕೂಡ ಉಪಯೋಗಕ್ಕಿಲ್ಲ, ಹೊಳೆಯುವ ಸ್ಟೀಲಿನ ಮೇಲಂತೂ ಬಾಯಿಗೆ ಬಂದ ಅಂಕಿ ಹೇಳುತ್ತದೆ. ಅಡುಗೆಗೆ ಬಳಸುವ, ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಆಗಬಹುದು.

ಪಾತ್ರೆ: ಶಾಲೆಯಲ್ಲಾದರೆ 250 ಮಿಲಿಲೀಟರಿನ ದುಂಡುತಳದ ಗಾಜಿನ ಫ್ಲಾಸ್ಕ್, ಎರಡು ತೂತಿನ ಕಾರ್ಕು, ಆವಿ ಹೊರಹೋಗಲು ಬಾಗಿದ ಗಾಜಿನ ಕೊಳವೆ, ಹಿಡಿಕೆಯಿರುವ ಸ್ಟ್ಯಾಂಡು. ಮನೆಯಲ್ಲಾದರೆ ಕತ್ತು ಕಿರಿದಾದ ಸ್ಟೀಲ್ ಚೊಂಬು. ಈ ಪ್ರಯೋಗಕ್ಕೆ ಅಗಲ ಬಾಯಿಯ ಬೀಕರಿಗಿಂತ ಚೊಂಬೇ ಮೇಲು, ಏಕೆಂದರೆ ಕತ್ತಿನ ತುಂಬ ಆವಿ ನಿಲ್ಲುತ್ತದೆ.

ಇವಲ್ಲದೆ ಬೇಕಾದದ್ದು ಐಸು, ದಾರ, ಅಲ್ಯೂಮಿನಿಯಂ ಫಾಯಿಲ್, ಒಡೆದ ಹೆಂಚಿನ ಅಥವಾ ಮಡಕೆಯ ನಾಲ್ಕೈದು ಚೂರು (ಜೋಳದ ಕಾಳಿನಷ್ಟು ದೊಡ್ಡವು), ಗಡಿಯಾರ, ಗ್ರಾಫ್ ಹಾಳೆ. ನೀರು ಶುದ್ಧೀಕರಿಸಿದ್ದೋ ಮಳೆಯದ್ದೋ ಆದರೆ ಒಳ್ಳೆಯದು. ಬೋರ್‌ವೆಲ್ ನೀರಾದರೂ ನಡೆಯುತ್ತದೆ, ಯಾಕೆಂಬುದು ಮುಂದೆ ಬರುತ್ತದೆ.

ಹಂತ 1: ಥರ್ಮಾಮೀಟರನ್ನು ಐಸಿನಲ್ಲಿ ಪರೀಕ್ಷಿಸಿ

ಈ ಹಂತ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಶಾಲೆಗಳಲ್ಲಿ ಸಿಗುವ ಥರ್ಮಾಮೀಟರ್ ಒಂದು ಡಿಗ್ರಿ ಅತ್ತಿತ್ತ ಇರುವುದು ಸಾಮಾನ್ಯ. ನಾವು ಹುಡುಕುತ್ತಿರುವ ವ್ಯತ್ಯಾಸವೇ ಮೂರು ಡಿಗ್ರಿ.

ಐಸನ್ನು ಬಟ್ಟೆಯಲ್ಲಿ ಸುತ್ತಿ ಜಜ್ಜಿ ಲೋಟದ ತುಂಬ ಹಾಕಿ. ಚೂರುಗಳ ಸಂದು ತುಂಬುವಷ್ಟೇ ತಣ್ಣೀರು ಹೊಯ್ಯಿರಿ. ಐಸು ತೇಲಾಡುವಷ್ಟು ನೀರಾದರೆ ತಳದ ನೀರು 4 ಡಿಗ್ರಿವರೆಗೂ ಬೆಚ್ಚಗಿರಬಹುದು. ಫ್ರೀಜರಿನಿಂದ ಆಗಷ್ಟೇ ತೆಗೆದ, ಬೆಳ್ಳಗೆ ಒಣಗಿದಂತಿರುವ ಐಸು ಸೊನ್ನೆಗಿಂತ ಬಹಳ ತಣ್ಣಗಿರುತ್ತದೆ. ಮೈ ಒದ್ದೆಯಾಗಿ ಹೊಳೆಯಲು ಶುರುವಾದ ಮೇಲೆಯೇ ಅದು ನಿಜವಾಗಿ ಕರಗುತ್ತಿದೆ ಎಂದರ್ಥ. ಥರ್ಮಾಮೀಟರಿನ ತುದಿಯ ಬಲ್ಬನ್ನು ನಡುವೆ ಹುದುಗಿಸಿ, ಮೆಲ್ಲಗೆ ಕಲಕುತ್ತ ಐದು ನಿಮಿಷ ಬಿಟ್ಟು ಓದಿ. 0.5 ಎಂದು ತೋರಿಸಿದರೆ ನಿಮ್ಮ ಥರ್ಮಾಮೀಟರ್ ಅರ್ಧ ಡಿಗ್ರಿ ಹೆಚ್ಚು ಹೇಳುತ್ತದೆ. ಬರೆದಿಟ್ಟುಕೊಳ್ಳಿ.

ಇಲ್ಲೊಂದು ಪ್ರಶ್ನೆ ಏಳಬೇಕು: ಎತ್ತರಕ್ಕೆ ಕುದಿಬಿಂದು ಬದಲಾದರೆ ಹಿಮಬಿಂದು ಬದಲಾಗುವುದಿಲ್ಲವೇ? ಬದಲಾಗುತ್ತದೆ, ಆದರೆ ಇಡೀ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚಿಸಿದರೂ ಡಿಗ್ರಿಯ ನೂರನೇ ಒಂದು ಭಾಗವೂ ಇಳಿಯುವುದಿಲ್ಲ. ನೀರು ಆವಿಯಾಗುವಾಗ ಗಾತ್ರ ಸಾವಿರ ಪಟ್ಟಿಗೂ ಮೀರಿ ಹಿಗ್ಗುತ್ತದೆ, ಹಾಗಾಗಿ ಹೊರಗಿನ ಒತ್ತಡದ ಮಾತು ನಡೆಯುತ್ತದೆ. ಐಸು ನೀರಾಗುವಾಗ ಗಾತ್ರ ಬದಲಾಗುವುದು ನೂರಕ್ಕೆ ಎಂಟರಷ್ಟು ಮಾತ್ರ. ಅದಕ್ಕೇ ಐಸು ಮಂಗಳೂರಿನಲ್ಲೂ ಮುಳ್ಳಯ್ಯನಗಿರಿಯಲ್ಲೂ ನಂಬಬಹುದಾದ ಗುರುತು.

ಹಂತ 2: ಜೋಡಣೆ

ಫ್ಲಾಸ್ಕಿಗೆ 100 ಮಿಲಿಲೀಟರ್ ನೀರು, ಚೊಂಬಾದರೆ ಮೂರನೇ ಒಂದು ಭಾಗ. ಹೆಂಚಿನ ಚೂರುಗಳನ್ನು ನೀರು ತಣ್ಣಗಿರುವಾಗಲೇ ಹಾಕಿ. ಅವುಗಳ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡ ಗಾಳಿಯೇ ಗುಳ್ಳೆ ಹುಟ್ಟುವ ಜಾಗ. ಅವಿಲ್ಲದಿದ್ದರೆ ನಯವಾದ ಗಾಜಿನಲ್ಲಿ ನೀರು ಕುದಿಬಿಂದು ದಾಟಿ ಬಿಸಿಯಾಗಿ, ಒಮ್ಮೆಲೇ ಧಡ್ ಎಂದು ಉಕ್ಕುತ್ತದೆ. ಮರೆತುಹೋಗಿ, ಬಿಸಿಯಾದ ನೀರಿಗೆ ಆಮೇಲೆ ಚೂರು ಹಾಕಿದರಂತೂ ಕೈಮೇಲೆಯೇ ಉಕ್ಕುತ್ತದೆ. ಮರೆತಿದ್ದರೆ ಒಲೆ ಆರಿಸಿ, ನೀರು ತಣಿದ ಮೇಲೆ ಹಾಕಿ.

ಬಲ್ಬು ನೀರಿನಲ್ಲಿ ಮುಳುಗಬಾರದು. ನೀರಿನ ಮಟ್ಟಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ, ಆವಿಯಲ್ಲಿ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ನೀರಿನೊಳಗೆ ಹತ್ತು ಸೆಂಟಿಮೀಟರ್ ಆಳದಲ್ಲಿ ನೀರಿನ ಭಾರವೂ ಸೇರಿ ಕುದಿಬಿಂದು 0.3 ಡಿಗ್ರಿ ಏರುತ್ತದೆ. ತಳದ ಹತ್ತಿರ ನೀರು ಇನ್ನೂ ಬಿಸಿಯಾಗಿರಬಹುದು. ಲವಣ ಕರಗಿದ್ದರೆ ಮತ್ತಷ್ಟು ಏರಿಕೆ. ಆವಿಗೆ ಈ ತಂಟೆಯಿಲ್ಲ. ಅದು ಬಲ್ಬಿನ ಮೇಲೆ ನೀರಾಗಿ ಕೂರುವಾಗ ಶುದ್ಧ ನೀರು, ಹೊರಗಿನ ಒತ್ತಡ ಇಷ್ಟರಿಂದಲೇ ಉಷ್ಣತೆ ನಿರ್ಧಾರವಾಗುತ್ತದೆ. ಬೋರ್‌ವೆಲ್ ನೀರಾದರೂ ನಡೆಯುತ್ತದೆ ಎಂದದ್ದು ಇದಕ್ಕೇ.

ಚೊಂಬಿನಲ್ಲಿ ಮಾಡುವವರು ಬಾಯಿಗೆ ಫಾಯಿಲ್ ಸುತ್ತಿ, ನಡುವೆ ಥರ್ಮಾಮೀಟರಿಗೆ ಒಂದು ತೂತು, ಪಕ್ಕದಲ್ಲಿ ಆವಿ ಹೋಗಲು ಪೆನ್ಸಿಲ್ ದಪ್ಪದ ಇನ್ನೊಂದು ತೂತು ಮಾಡಿ. ಥರ್ಮಾಮೀಟರಿಗೆ ದಾರ ಕಟ್ಟಿ ಮೇಲಿನಿಂದ ತೂಗುಬಿಡಿ, ಲೋಹಕ್ಕೆ ಎಲ್ಲೂ ತಾಗಬಾರದು. ಆವಿಯ ದಾರಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮುಚ್ಚಿದರೆ ಅಳತೆ ತಪ್ಪುವುದಿರಲಿ, ಫ್ಲಾಸ್ಕ್ ಸಿಡಿಯುತ್ತದೆ.

ಹಂತ 3: ಕಾಯಿಸಿ, ಬರೆದುಕೊಳ್ಳಿ

ಮಧ್ಯಮ ಉರಿ ಸಾಕು. ಬಲ್ಬು ಆವಿಯಲ್ಲಿರುವುದರಿಂದ ಮೊದಲ ಕೆಲವು ನಿಮಿಷ ಪಾದರಸ ಸೋಮಾರಿಯಂತೆ ಕಾಣುತ್ತದೆ. ಆ ಹೊತ್ತಿಗೆ ನೀರಿನಲ್ಲಿ ಕಾಣುವ ಸಣ್ಣ ಮಣಿಯಂಥ ಗುಳ್ಳೆಗಳು ಆವಿಯಲ್ಲ, ಕರಗಿದ್ದ ಗಾಳಿ. ಕುದಿ ಹತ್ತಿ ಆವಿ ಕತ್ತಿಗೆ ಏರಿದೊಡನೆ ಪಾದರಸ ಸರ್ರನೆ ಜಿಗಿದು ಒಂದು ಕಡೆ ನಿಲ್ಲುತ್ತದೆ. ಆಗಿನಿಂದ ಅರ್ಧ ನಿಮಿಷಕ್ಕೊಮ್ಮೆ ಓದಿ ಬರೆಯಿರಿ, ಗ್ರಾಫ್ ಹಾಳೆಯಲ್ಲೂ ಗುರುತು ಹಾಕಿ. ಒಂದೇ ಅಂಕಿ ಸತತ ಐದು ಸಲ ಬರುವವರೆಗೂ ನಿಲ್ಲಿಸಬೇಡಿ.

ಬಲ್ಬನ್ನು ಹತ್ತಿರದಿಂದ ಗಮನಿಸಿ: ಅದರ ತುದಿಯಲ್ಲಿ ಒಂದು ಹನಿ ದಪ್ಪಗಾಗಿ, ಉದುರಿ, ಮತ್ತೊಂದು ಕಟ್ಟುತ್ತಿರಬೇಕು. ಹನಿ ಇದ್ದರೆ ದ್ರವವೂ ಆವಿಯೂ ಒಟ್ಟಿಗಿವೆ, ಅಳತೆ ನಂಬಬಹುದು. ಬಲ್ಬು ಒಣಗಿದ್ದರೆ ಪಾತ್ರೆಯ ಬಿಸಿ ಗೋಡೆಯ ಶಾಖ ಅದಕ್ಕೆ ತಟ್ಟುತ್ತಿದೆ ಎಂದರ್ಥ, ಅಂಕಿ ಹೆಚ್ಚು ಬರುತ್ತದೆ.

ಓದುವಾಗ ಕಣ್ಣು ಪಾದರಸದ ತುದಿಯ ಮಟ್ಟಕ್ಕೇ ಇರಲಿ. ಎತ್ತರದ ಸ್ಟ್ಯಾಂಡಿನಲ್ಲಿದ್ದುದನ್ನು ಕೆಳಗಿನಿಂದ ಕತ್ತೆತ್ತಿ ನೋಡಿದರೆ ಅರ್ಧ ಡಿಗ್ರಿ ಕಡಿಮೆ ಕಾಣುವುದು ಸುಲಭ. ಎರಡು ಗೆರೆಗಳ ನಡುವೆ ನಿಂತರೆ ಅಂದಾಜಿನಲ್ಲಿ ಅರ್ಧ ಎಂದು ಬರೆಯಬಹುದು. ಒಂದೊಂದು ಡಿಗ್ರಿಗೆ ಗೆರೆಯಿರುವ ಥರ್ಮಾಮೀಟರಿನಿಂದ 96.83 ಎಂದು ಬರೆಯುವುದು ಸುಳ್ಳು ನಿಖರತೆ.

ಉರಿ ಹೆಚ್ಚಿಸಿದರೂ ಅಂಕಿ ಏರದಿರುವುದು ಯಾಕೆ? ಬಂದ ಶಾಖವೆಲ್ಲ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ಲೆಕ್ಕ ನೋಡಿ: 100 ಗ್ರಾಂ ನೀರನ್ನು 25ರಿಂದ 97 ಡಿಗ್ರಿಗೆ ತರಲು ಸುಮಾರು 30 ಕಿಲೋಜೂಲ್ ಸಾಕು. ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಸುಮಾರು 226 ಕಿಲೋಜೂಲ್ ಬೇಕು. ಐದು ನಿಮಿಷದಲ್ಲಿ ಕುದಿ ಬಂದ ನೀರು ಅದೇ ಉರಿಯಲ್ಲಿ ಬತ್ತಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಗುಪ್ತೋಷ್ಣ ಎಂಬ ಪದದ ಅರ್ಥ ಇಷ್ಟೇ. ಆವಿಯಿಂದಾದ ಸುಟ್ಟಗಾಯ ಕುದಿನೀರಿನದಕ್ಕಿಂತ ಕೆಟ್ಟದಾಗಿರುವುದೂ ಇದರಿಂದಲೇ, ಹಾಗಾಗಿ ಕೊಳವೆಯ ಬಾಯಿ ಯಾರ ಕಡೆಗೂ ತಿರುಗಿರದಂತೆ ನೋಡಿಕೊಳ್ಳಿ.

ಹಂತ 4: ತಿದ್ದುಪಡಿ

ಮೊದಲನೆಯದು ಐಸಿನ ತಿದ್ದುಪಡಿ. ಐಸಿನಲ್ಲಿ 0.5 ತೋರಿಸಿದ್ದರೆ ಆವಿಯಲ್ಲಿ ಬಂದ ಅಂಕಿಯಿಂದ 0.5 ಕಳೆಯಿರಿ.

ಎರಡನೆಯದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಥರ್ಮಾಮೀಟರಿನ ಹಿಂಭಾಗದಲ್ಲಿ ಎಷ್ಟು ಮುಳುಗಿಸಬೇಕು ಎಂಬ ಗುರುತಿದೆಯೇ ನೋಡಿ. ಬಲ್ಬಿನಿಂದ 76 ಮಿಲಿಮೀಟರ್ ಮೇಲೆ ಗೆರೆಯಿದ್ದರೆ ಅಲ್ಲಿಯವರೆಗೆ ಆವಿಯಲ್ಲಿದ್ದರೆ ಸಾಕು. ಗೆರೆಯಿಲ್ಲದೆ ಪೂರ್ತಿ ಮುಳುಗಿಸಿ ಓದುವ ಬಗೆಯದಾದರೆ, ಹೊರಗೆ ಚಾಚಿದ ಭಾಗದ ಪಾದರಸ ತಣ್ಣಗಿದ್ದು ಕಡಿಮೆ ಹಿಗ್ಗುತ್ತದೆ, ಅಂಕಿ ಇಳಿಯುತ್ತದೆ. ಎಷ್ಟು ಡಿಗ್ರಿಯಷ್ಟು ಉದ್ದದ ಪಾದರಸ ಹೊರಗಿದೆಯೋ ಅದನ್ನು, ಆವಿಯ ಮತ್ತು ಹೊರಗಿನ ಭಾಗದ ಉಷ್ಣತೆಗಳ ವ್ಯತ್ಯಾಸದಿಂದ ಗುಣಿಸಿ, ಮತ್ತೆ 0.00016ರಿಂದ ಗುಣಿಸಿ. 80 ಡಿಗ್ರಿಯಷ್ಟು ಹೊರಗಿದ್ದು ಆ ಭಾಗ 40 ಡಿಗ್ರಿ ಇದ್ದರೆ 80 × 57 × 0.00016 = 0.7 ಡಿಗ್ರಿ. ಇದನ್ನು ಕೂಡಿಸಬೇಕು. ಕೆಂಪು ದ್ರವದ ಥರ್ಮಾಮೀಟರಿನಲ್ಲಿ ಈ ದೋಷ ಸುಮಾರು ಆರು ಪಟ್ಟು. ಆದ್ದರಿಂದ ಲೆಕ್ಕಕ್ಕಿಂತ ಉಪಾಯ ಲೇಸು: ಉದ್ದ ಕತ್ತಿನ ಫ್ಲಾಸ್ಕ್ ತೆಗೆದುಕೊಂಡು, 90ರ ಗೆರೆಯವರೆಗೂ ಕಡ್ಡಿ ಆವಿಯೊಳಗಿರುವಂತೆ ಇಳಿಸಿ.

ಹಂತ 5: ವಾಯುಭಾರ ಮತ್ತು ಎತ್ತರ

ನೀರಿನ ಆವಿಯ ಒತ್ತಡ, ಮಿಲಿಮೀಟರ್ ಪಾದರಸದಲ್ಲಿ:

93 ಡಿಗ್ರಿಗೆ 588.6
94 ಡಿಗ್ರಿಗೆ 610.9
95 ಡಿಗ್ರಿಗೆ 633.9
96 ಡಿಗ್ರಿಗೆ 657.6
97 ಡಿಗ್ರಿಗೆ 682.1
98 ಡಿಗ್ರಿಗೆ 707.3
99 ಡಿಗ್ರಿಗೆ 733.2
100 ಡಿಗ್ರಿಗೆ 760

ಆವಿಯಲ್ಲಿ 97.5 ಬಂತು, ಐಸಿನ ತಿದ್ದುಪಡಿ 0.5 ಕಳೆದರೆ 97.0 ಎಂದುಕೊಳ್ಳಿ. ಪಟ್ಟಿಯ ಪ್ರಕಾರ ನಿಮ್ಮಲ್ಲಿನ ವಾಯುಭಾರ 682 ಮಿಲಿಮೀಟರ್, 1.333ರಿಂದ ಗುಣಿಸಿದರೆ 909 ಹೆಕ್ಟೋಪ್ಯಾಸ್ಕಲ್ (ಹವಾಮಾನ ವರದಿಗಳಲ್ಲಿ ಬಳಸುವ ಒತ್ತಡದ ಅಳತೆ). ಎತ್ತರ ಬೇಕಾದರೆ 100ರಿಂದ 97 ಕಳೆದು 300ರಿಂದ ಗುಣಿಸಿ: 900 ಮೀಟರ್. ಹಾಸನದ 970ಕ್ಕೆ 70 ಮೀಟರ್ ಕಡಿಮೆ ಬಂತು. ಅದು ಕಾಲು ಡಿಗ್ರಿಗಿಂತ ಕಡಿಮೆ ತಪ್ಪು, ಆ ಥರ್ಮಾಮೀಟರಿನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ.

ಮೊಬೈಲಿನ ಹವಾಮಾನ ಆ್ಯಪ್ ತೆರೆದು ಹೋಲಿಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಹಾಸನಕ್ಕೆ 1010ರ ಸುತ್ತಲಿನ ಅಂಕಿ ಕಾಣುತ್ತದೆ. ಅದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ, ಬೇರೆಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಮಾಡಿಕೊಂಡ ಏರ್ಪಾಡು. ನಿಮ್ಮ ನೀರಿಗೆ ತಟ್ಟುವುದು 905ರ ಆಸುಪಾಸಿನ ನಿಜವಾದ ಒತ್ತಡ. ವಾಯುಭಾರದ ಸೆನ್ಸರ್ ಇರುವ ಫೋನುಗಳಲ್ಲಿ ಅದನ್ನೇ ನೇರವಾಗಿ ಓದಬಹುದು.

ಅಂಕಿ ತಪ್ಪಿದರೆ ಎಲ್ಲಿ ಹುಡುಕಬೇಕು

94, 95 ಎಂದು ಕಡಿಮೆ ಬಂದು ಓಲಾಡುತ್ತಿದ್ದರೆ ಆವಿಗೆ ಗಾಳಿ ಬೆರೆಯುತ್ತಿದೆ. ಉರಿ ಸಾಲದು, ಇಲ್ಲವೇ ಬಾಯಿ ಅಗಲ. ಪಕ್ಕದ ತೂತಿನಿಂದ ಆವಿ ಬಿಡದೆ ಹೊಮ್ಮುತ್ತಿರಬೇಕು. ಕೆಂಪು ದ್ರವದ ಥರ್ಮಾಮೀಟರ್ ಎರಡು ಮೂರು ಡಿಗ್ರಿ ಕಡಿಮೆ ತೋರಿಸಿದರೆ ಕೊಳವೆಯ ಮೇಲ್ತುದಿ ನೋಡಿ: ಅಲ್ಲೊಂದು ಕೆಂಪು ತುಣುಕು ಬೇರೆಯಾಗಿ ಕೂತಿರಬಹುದು. ಉಪ್ಪು ಬೆರೆಸಿದ ಐಸಿನಲ್ಲಿ ಬಲ್ಬನ್ನು ನೆಟ್ಟಗೆ ಇಟ್ಟು ದ್ರವವನ್ನೆಲ್ಲ ಕೆಳಗಿಳಿಸಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. 99, 100 ಎಂದು ಹೆಚ್ಚು ಬಂದರೆ ಬಲ್ಬು ನೀರಿಗೋ ಲೋಹಕ್ಕೋ ತಾಗಿದೆ, ಅಥವಾ ಆವಿಯ ದಾರಿ ಕಟ್ಟಿಕೊಂಡಿದೆ. ಎರಡನೆಯದಾದರೆ ತಕ್ಷಣ ಒಲೆ ಆರಿಸಿ.

ಬೆಳಿಗ್ಗೆಗೂ ಸಂಜೆಗೂ ವ್ಯತ್ಯಾಸ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ನಮ್ಮ ಕಡೆ ವಾಯುಭಾರ ದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಆದರೆ ಅದು ಮೂರು ನಾಲ್ಕು ಹೆಕ್ಟೋಪ್ಯಾಸ್ಕಲ್ ಅಷ್ಟೇ, ಕುದಿಬಿಂದುವಿನಲ್ಲಿ 0.1 ಡಿಗ್ರಿ. ಶಾಲೆಯ ಥರ್ಮಾಮೀಟರಿಗೆ ಕಾಣದು.

ಬೆಟ್ಟ ಹತ್ತದೆ ಒತ್ತಡ ಇಳಿಸುವುದು

ಮುಳ್ಳಯ್ಯನಗಿರಿಯ ಮೇಲೆ ಒಲೆ ಹಚ್ಚಲು ಹೋಗಬೇಡಿ. ಬೇಸಿಗೆಯಲ್ಲಿ ಆ ಹುಲ್ಲುಗಾವಲಿಗೆ ಒಂದು ಕಿಡಿ ಸಾಕು. ಸೂಜಿಯಿಲ್ಲದ 10 ಮಿಲಿಲೀಟರ್ ಸಿರಿಂಜಿನಲ್ಲಿ ಇದನ್ನೇ ತೋರಿಸಬಹುದು. ಒಮ್ಮೆ ಕುದಿಸಿ 70 ಡಿಗ್ರಿಗೆ ಆರಿಸಿದ ನೀರನ್ನು 3 ಮಿಲಿಲೀಟರ್ ಎಳೆದುಕೊಳ್ಳಿ. ಒಳಗಿನ ಗಾಳಿಯನ್ನು ಹೊರತಳ್ಳಿ, ಮೂತಿಯನ್ನು ರಬ್ಬರ್ ತುಂಡಿನಿಂದ ಬಿಗಿಯಾಗಿ ಮುಚ್ಚಿ, ಹಿಡಿಯನ್ನು ಬಲವಾಗಿ ಎಳೆಯಿರಿ. ನೀರು ಬೆರಳುಗಳ ನಡುವೆಯೇ ಕೊತಕೊತ ಕುದಿಯುತ್ತದೆ. ಬಿಟ್ಟರೆ ಥಟ್ಟನೆ ನಿಲ್ಲುತ್ತದೆ. 70 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 234 ಮಿಲಿಮೀಟರ್, ನೀವು ಒಳಗಿನ ಒತ್ತಡವನ್ನು ಅಷ್ಟಕ್ಕೆ ಇಳಿಸಿದಿರಿ. ಕುದಿಸಿ ಆರಿಸಿದ ನೀರೇ ಯಾಕೆಂದರೆ, ಹಸಿ ನೀರಿನಲ್ಲಿ ಮೊದಲು ಏಳುವುದು ಕರಗಿದ ಗಾಳಿ. ಅದನ್ನು ಕುದಿ ಎಂದು ತೋರಿಸಿದರೆ ನೋಡುವವರಿಗೆ ಮೋಸ.

ಒತ್ತಡ ಏರಿಸುವ ಪ್ರಯೋಗ ಅಡುಗೆಮನೆಯಲ್ಲಿ ದಿನವೂ ನಡೆಯುತ್ತದೆ. ಕುಕ್ಕರಿನ ವೆಯ್ಟು ಹೊರಗಿನ ವಾಯುಭಾರದ ಮೇಲೆ ಸುಮಾರು ಇನ್ನೊಂದು ವಾಯುಭಾರವನ್ನು ಸೇರಿಸುತ್ತದೆ. ಸಮುದ್ರಮಟ್ಟದಲ್ಲಿ ಒಳಗೆ 121 ಡಿಗ್ರಿ ಬಂದರೆ ಹಾಸನದಲ್ಲಿ 119. ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ 97 ಡಿಗ್ರಿಯಲ್ಲಿ ಬೇಯಿಸುವುದಕ್ಕೂ ಇದಕ್ಕೂ 22 ಡಿಗ್ರಿ ಅಂತರ. ಉರಿ ಜೋರು ಮಾಡಿದರೆ ಬೇಳೆ ಬೇಗ ಬೇಯುತ್ತದೆ ಎಂಬ ನಂಬಿಕೆಗೆ ಹಂತ 3ರ ಗ್ರಾಫೇ ಉತ್ತರ: ಗ್ಯಾಸು ಖರ್ಚಾಗುತ್ತದೆ, ನೀರು ಬತ್ತುತ್ತದೆ, ಉಷ್ಣತೆ ಅಲ್ಲೇ ಇರುತ್ತದೆ.

ರೆಕಾರ್ಡಿನಲ್ಲಿ ಹೇಗೆ ಬರೆಯಬೇಕು

ಕುದಿಬಿಂದು 97.0 ಡಿಗ್ರಿ, ಅರ್ಧ ಡಿಗ್ರಿ ಹೆಚ್ಚುಕಡಿಮೆ, ಸ್ಥಳ ಹಾಸನ, ಲೆಕ್ಕದಿಂದ ಬಂದ ವಾಯುಭಾರ 682 ಮಿಲಿಮೀಟರ್, ಐಸಿನ ತಿದ್ದುಪಡಿ ಇಷ್ಟು. ಕೆಲ್ವಿನ್‌ನಲ್ಲಿ ಬೇಕಾದರೆ 273 ಕೂಡಿಸಿ 370 ಎಂದು ಬರೆಯಿರಿ, 373 ಎಂದಲ್ಲ. ಪರೀಕ್ಷೆಯಲ್ಲಿ ‘ನೀರಿನ ಕುದಿಬಿಂದು ಎಷ್ಟು’ ಎಂದು ಕೇಳಿದರೆ ‘ಸಾಮಾನ್ಯ ವಾಯುಭಾರದಲ್ಲಿ 100 ಡಿಗ್ರಿ’ ಎಂಬುದೇ ಸರಿ. ‘ನೀವು ಅಳೆದದ್ದು ಎಷ್ಟು’ ಎಂದರೆ ಅಳೆದದ್ದನ್ನೇ ಹೇಳಬೇಕು.

ರಜೆಯಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿನ ನೆಂಟರ ಮನೆಗೆ ಹೋಗುವವರು ಅದೇ ಥರ್ಮಾಮೀಟರನ್ನೂ ಅದೇ ಚೊಂಬನ್ನೂ ಜೊತೆಗೆ ಒಯ್ಯಿರಿ. ಉಪಕರಣ ಒಂದೇ ಆದ್ದರಿಂದ ಅದರ ದೋಷ ಎರಡೂ ಕಡೆ ಬಹುಮಟ್ಟಿಗೆ ಒಂದೇ, ವ್ಯತ್ಯಾಸ ತೆಗೆದಾಗ ಹೊಡೆದುಹೋಗುತ್ತದೆ. ಐಸು ಸಿಗದಿದ್ದರೂ ಅಡ್ಡಿಯಿಲ್ಲ. ಅಲ್ಲಿ ಬಂದ ಅಂಕಿ ಹಾಸನದ್ದಕ್ಕಿಂತ ಮೂರು ಡಿಗ್ರಿ ಮೇಲಿರಬೇಕು.